ಹಳೇ 407ಗೆ ಇಂಜೆಕ್ಟರ್ ಮನೆ ಹತ್ತಿರವೇ ಹಾಕಬಹುದಾ? ಮಾಡಿದವರು ಹೇಳಿ

ಪಾಂಡವಪುರ ತಾಲ್ಲೂಕಿನಿಂದ ಕೇಳಿದ್ದು:

ಅಣ್ಣಂದಿರೇ, ನಮ್ಮದು ಹಳೇ ಟಾಟಾ 407. ಕಬ್ಬು, ಬೆಲ್ಲ, ಗೊಬ್ಬರ, ಯಾವ ಲೋಡ್ ಸಿಕ್ಕರೂ ಹೊಡೆಯುತ್ತೇವೆ. ಒಂದು ತಿಂಗಳಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಐದು ನಿಮಿಷ ಬಿಳೀ ಹೊಗೆ, ಗಾಡಿಯೆಲ್ಲಾ ನಡುಗುತ್ತದೆ. ಬಿಸಿಯಾದ ಮೇಲೆ ಸ್ವಲ್ಪ ಸುಧಾರಿಸುತ್ತದೆ. ಲೋಡ್ ಹಾಕಿಕೊಂಡು ಮೇಲುಕೋಟೆ ಏರು ಹತ್ತುವಾಗ ಪಿಕಪ್ಪೇ ಇಲ್ಲ, ಹಿಂದೆ ಕರೀ ಹೊಗೆ. ಮೆಕ್ಯಾನಿಕ್ ಒಬ್ಬರು, ಸಿಲಿಂಡರಿಗೆ ಡೀಸೆಲ್ ಸಿಡಿಸುವ ಇಂಜೆಕ್ಟರ್ ನಾಲ್ಕೂ ಹೊಸದು ಹಾಕಿಬಿಡಿ ಅಂದರು. ಅಷ್ಟು ದುಡ್ಡು ಈಗ ಕೈಯಲ್ಲಿಲ್ಲ. ಆಯಿಲ್, ಫಿಲ್ಟರ್ ನಾನೇ ಬದಲಾಯಿಸುತ್ತೇನೆ, ಸ್ಪ್ಯಾನರ್ ಸೆಟ್ ಇದೆ. ಇಂಜೆಕ್ಟರ್ ಕೂಡ ಮನೆ ಹತ್ತಿರವೇ ಹಾಕಬಹುದಾ?

ಮದ್ದೂರಿನಿಂದ:

ಹಾಕಬಹುದು. ನಾನು ಎಳನೀರು ಲೋಡ್ ಹೊಡೆಯುವವನು, ನನ್ನದೂ 407. ಎರಡು ಸಲ ಮನೆ ಮುಂದೆಯೇ ಮಾಡಿದ್ದೇನೆ. ಮೊದಲ ಸಲ ಕೆಲಸ ಕೆಟ್ಟಿತು, ಎರಡನೇ ಸಲ ಸರಿಹೋಯಿತು. ಎರಡನ್ನೂ ಹೇಳುತ್ತೇನೆ.

ಸ್ಪ್ಯಾನರ್ ಕೆಲಸ ಇದರಲ್ಲಿ ಕಾಲುಭಾಗ ಅಷ್ಟೇ. ಯಾವುದು ಕೆಟ್ಟಿದೆ ಅಂತ ಹುಡುಕುವುದು, ಬಿಚ್ಚಿದ ಮೇಲೆ ಒಂದು ಕಣ ಧೂಳೂ ಒಳಗೆ ಹೋಗದ ಹಾಗೆ ಕಾಯುವುದು, ಉಳಿದ ಮುಕ್ಕಾಲು ಅದೇ.

ನಿಮ್ಮದು 497 ಇಂಜಿನ್ ಇರಬೇಕು. 4 ಸಿಲಿಂಡರ್, 97 ಮಿಲಿಮೀಟರ್ ಬೋರ್, ಹೆಸರು ಬಂದಿದ್ದೇ ಹಾಗೆ. ನಾಲ್ಕು ಸಿಲಿಂಡರಿಗೆ ನಾಲ್ಕು ಇಂಜೆಕ್ಟರ್. ನಾಲ್ಕೂ ಒಟ್ಟಿಗೆ ಕೆಡುವುದು ಅಪರೂಪ. ಮೊದಲು ಯಾವುದು ಸತ್ತಿದೆ ನೋಡಿ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸ್ಲೋದಲ್ಲಿ ಬಿಡಿ. ಒಂದನೇ ಇಂಜೆಕ್ಟರಿನ ಪೈಪ್ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿ. ಮೇಲೆ ದಪ್ಪ ಬಟ್ಟೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ, ಬೆರಳು ದೂರ ಇರಲಿ. ಆ ಸಿಲಿಂಡರಿಗೆ ಡೀಸೆಲ್ ಹೋಗುವುದು ನಿಲ್ಲುತ್ತದೆ. ಇಂಜಿನ್ ಇನ್ನೂ ಜಾಸ್ತಿ ನಡುಗಿದರೆ ಆ ಸಿಲಿಂಡರ್ ಇಷ್ಟೊತ್ತು ಕೆಲಸ ಮಾಡುತ್ತಿತ್ತು ಅಂತ ಅರ್ಥ. ಬಿಗಿ ಮಾಡಿ ಮುಂದಿನದಕ್ಕೆ ಹೋಗಿ. ಯಾವುದನ್ನು ಸಡಿಲ ಮಾಡಿದರೂ ಸದ್ದಿನಲ್ಲಿ ಏನೂ ವ್ಯತ್ಯಾಸ ಆಗಲಿಲ್ಲವೋ ಅದೇ ಕೆಲಸ ಬಿಟ್ಟಿರುವುದು. ನನ್ನದರಲ್ಲಿ ಅದು ಮೂರನೆಯದಾಗಿತ್ತು.

ಹಾಗೇ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಮಟ್ಟ ಮೇಲೆ ಬಂದಿದ್ದರೆ, ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆದರೆ, ಗಾಡಿ ಓಡಿಸಲೇಬೇಡಿ. ಇಂಜೆಕ್ಟರ್ ಸೋರಿ ಡೀಸೆಲ್ ಕೆಳಗಿಳಿದಿದೆ. ಹಾಗೇ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಆಗ ಇಂಜೆಕ್ಟರ್ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಬಿಚ್ಚುವುದು. ಇಂಜಿನ್ ಪೂರ್ತಿ ತಣ್ಣಗಾಗಲಿ, ಚಕ್ರಕ್ಕೆ ಕಲ್ಲು ಕೊಡಿ, ಬ್ಯಾಟರಿ ವೈರ್ ತೆಗೆಯಿರಿ. ನಟ್ ಮುಟ್ಟುವ ಮೊದಲು ಇಂಜೆಕ್ಟರ್ ಸುತ್ತಮುತ್ತ ಡೀಸೆಲ್ ಹಚ್ಚಿ ಬ್ರಷ್‌ನಿಂದ ಉಜ್ಜಿ, ಗಾಳಿ ಹೊಡೆಸಿ. ಹಳೇ ಗಾಡಿಯಲ್ಲಿ ಅಲ್ಲಿ ಮಣ್ಣು, ಗ್ರೀಸ್, ಕಬ್ಬಿನ ತರಗು ಎಲ್ಲ ಸೇರಿ ಗಟ್ಟಿಯಾಗಿರುತ್ತದೆ. ಪೈಪ್ ಬಿಚ್ಚಿದ ಕೂಡಲೇ ಅದರ ಬಾಯಿ ಮುಚ್ಚಿ. ನಾನು ರಬ್ಬರ್ ಗ್ಲೌಸಿನ ಬೆರಳು ಕತ್ತರಿಸಿ ತೊಡಿಸುತ್ತೇನೆ, ಚೆನ್ನಾಗಿ ಕೂರುತ್ತದೆ. ವೇಸ್ಟ್ ನೂಲು ತುರುಕಬೇಡಿ, ಅದರ ಎಳೆ ಒಳಗೆ ಉಳಿಯುತ್ತದೆ. ಯಾವ ಇಂಜೆಕ್ಟರ್ ಯಾವ ಸಿಲಿಂಡರಿನದು ಅಂತ ಪೇಪರ್ ಟೇಪ್ ಮೇಲೆ ಬರೆದು ಅಂಟಿಸಿ. ಕೆಲವು ಇಂಜಿನ್‌ನಲ್ಲಿ ಕ್ಲಾಂಪ್ ಇರುತ್ತದೆ, ಕೆಲವದರಲ್ಲಿ ದೊಡ್ಡ ನಟ್. ಇಂಜೆಕ್ಟರ್ ಹಿಡಿದುಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲಾ ಬಿಡಿ. ಸುತ್ತಿಗೆಯಲ್ಲಿ ಹೊಡೆಯಬೇಡಿ.

ನಾನು ಮೊದಲ ಸಲ ತಪ್ಪಿದ್ದು ಎಲ್ಲಿ ಅಂದರೆ ತಾಮ್ರದ ವಾಷರಿನಲ್ಲಿ. ಇಂಜೆಕ್ಟರಿನ ತುದಿಯಲ್ಲಿ ಒಂದು ತಾಮ್ರದ ವಾಷರ್ ಇರುತ್ತದೆ. ನಾಲ್ಕು ಇಂಜೆಕ್ಟರ್ ತೆಗೆದೆ, ಮೂರು ವಾಷರ್ ಬಂತು. ನಾನು ಎಣಿಸಲಿಲ್ಲ. ನಾಲ್ಕನೆಯದು ಗುಂಡಿಯೊಳಗೆ ಮಸಿ ಹಿಡಿದು ತಳಕ್ಕೇ ಅಂಟಿಕೊಂಡಿತ್ತು, ಟಾರ್ಚ್ ಬಿಟ್ಟರೂ ಕಬ್ಬಿಣದ ಬಣ್ಣವೇ ಕಾಣುತ್ತಿತ್ತು. ಅದರ ಮೇಲೆ ಹೊಸ ವಾಷರ್ ಕೂರಿಸಿ ಬಿಗಿ ಮಾಡಿದೆ. ಎರಡು ದಿನಕ್ಕೆ ಚುಸ್ ಚುಸ್ ಅಂತ ಸದ್ದು ಶುರುವಾಯಿತು. ಬಾನೆಟ್ ಎತ್ತಿ ನೋಡಿದರೆ ಇಂಜೆಕ್ಟರ್ ಸುತ್ತ ಡಾಂಬರಿನ ಹಾಗೆ ಕರ್ರಗೆ ಅಂಟು. ಸಿಲಿಂಡರಿನ ಗಾಳಿಯೆಲ್ಲಾ ಅಲ್ಲಿಂದ ಹೊರಗೆ ಬರುತ್ತಿತ್ತು. ಮತ್ತೆ ಎಲ್ಲ ಬಿಚ್ಚಿ, ಮೊಳೆಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ, ಅರ್ಧ ದಿನ ಕೂತು ಆ ವಾಷರ್ ಎತ್ತಿದೆ. ಅದಕ್ಕೇ ಹೇಳುತ್ತೇನೆ, ನಾಲ್ಕು ಹೊರಗೆ ಬಂದರೆ ನಾಲ್ಕು ವಾಷರ್ ಕೈಯಲ್ಲಿ ಇರಬೇಕು. ಹಳೇದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮತ್ತೆ ಬಳಸುವವರಿದ್ದಾರೆ. ಬೇಡ. ಅದೇ ದಪ್ಪದ್ದು ಹೊಸದು ತನ್ನಿ. ದಪ್ಪ ಬೇರೆಯಾದರೆ ನಾಜಲ್, ಅಂದರೆ ಡೀಸೆಲ್ ಸಿಡಿಸುವ ಇಂಜೆಕ್ಟರ್ ತುದಿ, ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಡೀಸೆಲ್ ಬೀಳುವ ಜಾಗವೂ ತಪ್ಪುತ್ತದೆ.

ತೆಗೆದ ಇಂಜೆಕ್ಟರ್‌ಗಳನ್ನು ನೇರ ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿ ಮಾಡುವ ಪಂಪ್ ಸರ್ವಿಸ್ ಅಂಗಡಿಗೆ ಒಯ್ಯಿರಿ, ನಾಲ್ಕನ್ನೂ ಒಯ್ಯಿರಿ. ಟೆಸ್ಟರ್‌ಗೆ ಹಾಕಿ ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ಒಳ್ಳೇ ನಾಜಲ್ ಆದರೆ ಕರ್ ಕರ್ ಅಂತ ಸದ್ದು ಮಾಡಿ ಮಂಜಿನ ಹಾಗೆ ಸಿಡಿಸುತ್ತದೆ, ನಿಲ್ಲಿಸಿದ ಮೇಲೆ ತುದಿ ಒಣಗಿರುತ್ತದೆ. ಕೆಟ್ಟದ್ದು ದಾರದ ಹಾಗೆ ಬಿಡುತ್ತದೆ, ಇಲ್ಲಾ ತುದಿಯಲ್ಲಿ ಹನಿ ನಿಲ್ಲುತ್ತದೆ. ಆ ಹನಿಯೇ ನಿಮ್ಮ ಬೆಳಗಿನ ಹೊಗೆ. ಎಷ್ಟೋ ಸಲ ಬಾಡಿ ಚೆನ್ನಾಗಿರುತ್ತದೆ, ನಾಜಲ್ ಮಾತ್ರ ಬದಲಾಯಿಸಿ ಅದು ತೆರೆಯುವ ಪ್ರೆಷರ್ ಸೆಟ್ ಮಾಡಿದರೆ ಸಾಕು. ಇಂಜೆಕ್ಟರ್ ಪೂರ್ತಿ ಹೊಸದು ಬೇಕಾಗುವುದಿಲ್ಲ. ಪ್ರೆಷರ್ ಸೆಟ್ಟಿಂಗ್ ಮನೆಯಲ್ಲಿ ಆಗದ ಕೆಲಸ, ಅಲ್ಲಿ ಉಳಿತಾಯ ನೋಡಬೇಡಿ.

ಕೆ.ಆರ್. ಪೇಟೆಯಿಂದ:

ಇಂಜೆಕ್ಟರ್ ಬಿಚ್ಚುವ ಮೊದಲು ಟ್ಯಾಂಕಿನಿಂದ ಬರುವ ಹೋಸ್ ನೋಡಿ. ನನ್ನದೂ ಹೀಗೇ ಮಿಸ್ಸಿಂಗ್ ಹೊಡೆಯುತ್ತಿತ್ತು. ನಾಜಲ್ ನಾಲ್ಕೂ ಹೊಸದು ಹಾಕಿಸಿದೆ, ಏನೂ ಬದಲಾಗಲಿಲ್ಲ. ಕೊನೆಗೆ ನೋಡಿದರೆ ಕ್ಲಿಪ್ ಕೆಳಗೆ ಹೋಸ್ ಕೂದಲೆಳೆಯಷ್ಟು ಸೀಳಿತ್ತು. ಡೀಸೆಲ್ ಹೊರಗೆ ಸೋರುತ್ತಿರಲಿಲ್ಲ, ಗಾಳಿ ಒಳಗೆ ಎಳೆಯುತ್ತಿತ್ತು. ಹೊರಗಿನಿಂದ ಒಣಗಿಯೇ ಇತ್ತು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಂದು) ಕೂಡ ಒಂದು ಸಲ ನೋಡಿಸಿ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿಯ ಒತ್ತಡ, ಕಮ್ಮಿ ಇದ್ದರೂ ಬೆಳಗ್ಗೆ ಬಿಳೀ ಹೊಗೆ ಬರುತ್ತದೆ, ಅದಕ್ಕೆ ಇಂಜೆಕ್ಟರ್ ಏನು ಮಾಡೀತು?

ಶ್ರೀರಂಗಪಟ್ಟಣದಿಂದ:

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದು 2019ರ ಪಿಕಪ್, ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಹೈ ಪ್ರೆಷರ್ ಡೀಸೆಲ್ ಹೋಗುವಂಥದ್ದು. ಅದಕ್ಕೂ ಹೀಗೇ ಒಂದೊಂದೇ ಪೈಪ್ ಸಡಿಲ ಮಾಡಿ ನೋಡಬಹುದಾ?

ಮೈಸೂರು, ಬನ್ನಿಮಂಟಪದಿಂದ:

ದಯವಿಟ್ಟು ಬೇಡ! ಪಂಪ್ ಸರ್ವಿಸ್ ಕೆಲಸದಲ್ಲಿ 11 ವರ್ಷ ಇದ್ದವನು ಹೇಳುತ್ತಿದ್ದೇನೆ. ಹಳೇ 407ರ ಇಂಜೆಕ್ಟರ್ ತೆರೆಯುವುದು 200 ಬಾರ್ ಪ್ರೆಷರ್ ಆಸುಪಾಸಿನಲ್ಲಿ. ಕಾಮನ್ ರೈಲಿನಲ್ಲಿ ಲೋಡ್ ಬಿದ್ದಾಗ 1600 ಬಾರ್, ಅದಕ್ಕೂ ಮೇಲೆ ಹೋಗುತ್ತದೆ. ಇಂಜಿನ್ ಓಡುವಾಗ ಆ ನಟ್ ಸಡಿಲ ಮಾಡಿದರೆ ಡೀಸೆಲ್ ಚರ್ಮ ತೂರಿಕೊಂಡು ಮಾಂಸದೊಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ನೋವೂ ಮೊದಲಿಗೆ ಕಮ್ಮಿ. ಒಳಗೆ ಬೆರಳು ಕೊಳೆಯಲು ಶುರುವಾಗಿರುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿಕೊಂಡು ಕೂರಬೇಡಿ. ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಹೋಗಿ, ಪ್ರೆಷರಿನಲ್ಲಿ ಡೀಸೆಲ್ ಒಳಗೆ ಹೋಗಿದೆ ಅಂತಲೇ ಡಾಕ್ಟರಿಗೆ ಹೇಳಿ. ಹಳೇ ಗಾಡಿಯವರೂ ಸೋರಿಕೆ ಹುಡುಕಲು ಕೈ ಇಡಬೇಡಿ. ರಟ್ಟಿನ ತುಂಡು ಹಿಡಿಯಿರಿ, ಒದ್ದೆಯಾದರೆ ಗೊತ್ತಾಗುತ್ತದೆ.

ಪಿಕಪ್ಪಿಗೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದಿದೆ, ರಿಟರ್ನ್ ಟೆಸ್ಟ್. ಇಂಜೆಕ್ಟರಿನಲ್ಲಿ ಉಳಿದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪಿನಲ್ಲಿ ಪ್ರೆಷರ್ ಕಮ್ಮಿ. ಪ್ರತಿ ಇಂಜೆಕ್ಟರಿನ ರಿಟರ್ನಿಗೆ ಬೇರೆ ಬೇರೆ ಪಾರದರ್ಶಕ ಟ್ಯೂಬ್ ಹಾಕಿ ಒಂದೇ ಅಳತೆಯ ಬಾಟಲಿಗೆ ಬಿಡಿ, ಗಾಡಿಯ ಕಡೆಯ ರಿಟರ್ನ್ ಬಾಯಿ ಮುಚ್ಚಿ. ಸ್ವಲ್ಪ ಹೊತ್ತು ಸ್ಲೋದಲ್ಲಿ ಓಡಿಸಿ. ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ಅಲ್ಲಿಗೆ ನಿಲ್ಲಿಸಿ, ಮುಂದಿನದನ್ನು ಅಂಗಡಿಗೆ ಬಿಡಿ. ಯಾಕೆ ಅಂದರೆ ಕಾಮನ್ ರೈಲ್ ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ, ಅಂಕಿ ಸೇರಿದ ಒಂದು ಕೋಡ್ ಇರುತ್ತದೆ. ಆ ಇಂಜೆಕ್ಟರ್ ಎಷ್ಟು ಡೀಸೆಲ್ ಬಿಡುತ್ತದೆ ಅನ್ನುವ ಲೆಕ್ಕ ಅದು. ಹೊಸದು ಹಾಕಿದರೆ ಸ್ಕ್ಯಾನರ್ ಹಾಕಿ ಆ ಕೋಡ್ ಅನ್ನು ಗಾಡಿಯ ಕಂಪ್ಯೂಟರಿಗೆ ತುಂಬಬೇಕು. ತುಂಬದಿದ್ದರೆ ಹಳೇ ಇಂಜೆಕ್ಟರಿನ ಲೆಕ್ಕದಲ್ಲೇ ಹೊಸದಕ್ಕೆ ಡೀಸೆಲ್ ಬಿಡುತ್ತದೆ. ಹೊಗೆ, ಸದ್ದು ಹಾಗೇ ಉಳಿಯುತ್ತದೆ. ಬಿಚ್ಚಿದ ಹೈ ಪ್ರೆಷರ್ ಪೈಪನ್ನೂ ಮತ್ತೆ ಹಾಕದೆ ಹೊಸದು ಹಾಕುವುದೇ ಸರಿ.

407 ಅಣ್ಣನಿಗೆ ಇನ್ನೆರಡು ಮಾತು. ನಾಜಲ್ ಕೊಳ್ಳುವಾಗ ಬಿಲ್ ಕೇಳಿ. ನಮ್ಮ ಕಡೆ ಇವತ್ತಿಗೂ ಮೈಕೊ ನಾಜಲ್ ಕೊಡಿ ಅಂತಲೇ ಕೇಳುವುದು. ಮೈಕೊ ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಆಯಿತು. ಈಗ ಹಳೇ ಹೆಸರಿನ ಡಬ್ಬಿಯಲ್ಲಿ ಹೊಸ ಮಾಲು ಅಂತ ಯಾರಾದರೂ ಕೊಟ್ಟರೆ ಅನುಮಾನ ಪಡಿ. ಹಳೇ ನಾಜಲ್ ಮೇಲೆ ಕೆತ್ತಿರುವ ನಂಬರ್ ಮತ್ತು ಹೊಸದರ ನಂಬರ್ ಪಕ್ಕಪಕ್ಕ ಇಟ್ಟು ನೋಡಿ. ನಾಜಲ್ ಒಳಗಿನ ಸೂಜಿ ಮತ್ತು ಅದರ ಬಾಡಿ ಜೋಡಿಯಾಗಿಯೇ ಬರುತ್ತವೆ. ಎರಡರ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಅಂಗಡಿಯಲ್ಲಿ ನಾವು ತೊಳೆಯುವಾಗ ನಾಲ್ಕು ನಾಜಲ್ ಒಂದೇ ಬೋಗುಣಿಗೆ ಹಾಕುವುದಿಲ್ಲ, ಒಂದರ ಸೂಜಿ ಇನ್ನೊಂದಕ್ಕೆ ಹೋದರೆ ಎರಡೂ ಹಾಳು. ತೊಳೆದ ಸೂಜಿಯನ್ನು ಡೀಸೆಲ್‌ನಲ್ಲಿ ಅದ್ದಿ ಬಾಡಿಗೆ ಹಾಕಿ ಓರೆಯಾಗಿ ಹಿಡಿದರೆ ತನ್ನ ಭಾರಕ್ಕೇ ನಿಧಾನ ಜಾರಿ ಇಳಿಯಬೇಕು. ತಡೆದು ತಡೆದು ಇಳಿದರೆ ಅದು ಕೆಲಸಕ್ಕೆ ಬಾರದು.

ವಾಪಸ್ ಹಾಕುವ ಮೊದಲು ಇಂಜೆಕ್ಟರ್ ಗುಂಡಿಯ ತಳದ ಮಸಿ ಕೆರೆಯಿರಿ. ಕಡ್ಡಿಗೆ ಬಟ್ಟೆ ಸುತ್ತಿ ಗ್ರೀಸ್ ಹಚ್ಚಿಕೊಳ್ಳಿ, ಮಸಿ ಗ್ರೀಸಿಗೆ ಅಂಟಿ ಮೇಲೆ ಬರುತ್ತದೆ. ಆಮೇಲೆ ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದು ಹಿಡಿದು ಒಂದೆರಡು ಸುತ್ತು ಸೆಲ್ಫ್ ಹೊಡೆಯಿರಿ, ಉಳಿದದ್ದು ಹಾರಿಹೋಗುತ್ತದೆ. ಆಗ ಗುಂಡಿಯ ಮೇಲೆ ಮುಖ ಇಡಬೇಡಿ.

ಮದ್ದೂರಿನಿಂದ:

ಡೀಸೆಲ್ ಲೈನಿಗೆ ಸೇರಿದ ಏರ್ ತೆಗೆಯುವುದು ಹೇಳುವುದು ಮರೆತಿದ್ದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ ಪ್ರೈಮರ್ (ಕೈ ಪಂಪ್) ಒತ್ತುತ್ತಾ ಇರಿ, ನೊರೆ ನಿಂತು ಬರೀ ಡೀಸೆಲ್ ಬರಬೇಕು. ಆಮೇಲೆ ಇಂಜೆಕ್ಟರ್ ಕಡೆಯ ನಟ್‌ಗಳನ್ನು ಸಡಿಲ ಬಿಟ್ಟು ಸೆಲ್ಫ್ ಹೊಡೆಸಿ. ಡೀಸೆಲ್ ಬಂದ ಮೇಲೆ ಒಂದೊಂದೇ ಬಿಗಿ ಮಾಡಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ, ಸೆಲ್ಫ್ ಮೋಟಾರ್ ಸುಟ್ಟುಹೋಗುತ್ತದೆ. ಫಿಲ್ಟರ್ ಹೊಸದು ಹಾಕಿಯೇ ಶುರು ಮಾಡಿ. ಡೀಸೆಲ್ ಕ್ಯಾನಿನಲ್ಲಿ ತಂದು ಹಾಕುತ್ತೀರಾ? ಹಾಗಿದ್ದರೆ ಕ್ಯಾನಿನ ತಳ ನೋಡಿ.

ಪಾಂಡವಪುರ ತಾಲ್ಲೂಕಿನಿಂದ, ಒಂಬತ್ತು ದಿನದ ಮೇಲೆ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಹೋಸ್ ನೋಡಿದೆ, ಚೆನ್ನಾಗಿತ್ತು. ಬೆಳಗ್ಗೆ ಪೈಪ್ ಸಡಿಲ ಮಾಡಿ ನೋಡಿದಾಗ ಎರಡನೆಯದು ಪೂರ್ತಿ ಸತ್ತಿತ್ತು, ನಾಲ್ಕನೆಯದು ಅರ್ಧಂಬರ್ಧ. ಆಯಿಲ್ ಸರಿಯಾಗಿಯೇ ಇತ್ತು. ಮಂಡ್ಯಕ್ಕೆ ಒಯ್ದು ಟೆಸ್ಟ್ ಮಾಡಿಸಿದೆ. ಎರಡನೆಯದರ ತುದಿಯಲ್ಲಿ ಹನಿ ನಿಂತಿದ್ದು ನಾನೇ ಕಣ್ಣಾರೆ ನೋಡಿದೆ, ಬೆಳಗಿನ ಹುಲ್ಲಿನ ಮೇಲಿನ ಇಬ್ಬನಿ ಹಾಗೆ. ಎರಡು ನಾಜಲ್ ಹೊಸದು, ಉಳಿದ ಎರಡಕ್ಕೆ ತೊಳೆದು ಸೆಟ್ಟಿಂಗ್. ವಾಷರ್ ನಾಲ್ಕೂ ಎಣಿಸಿದೆ, ನಾಲ್ಕೂ ಬಂದವು.

ಕ್ಯಾನಿನ ವಿಷಯ ಸರಿಯಾಗಿ ಹೇಳಿದಿರಿ ಅಣ್ಣ. ಸೀಸನ್‌ನಲ್ಲಿ ಕಾರ್ಖಾನೆ ಮುಂದೆ ಸಾಲಿನಲ್ಲಿ ನಿಂತು ನಿಂತು ಡೀಸೆಲ್ ಖಾಲಿಯಾದರೆ ಟ್ರ್ಯಾಕ್ಟರಿನ ಕ್ಯಾನಿನಿಂದಲೇ ಸುರಿಯುತ್ತಿದ್ದೆವು. ಕ್ಯಾನ್ ಬಗ್ಗಿಸಿ ಗಾಜಿನ ಲೋಟಕ್ಕೆ ಬಿಟ್ಟೆ. ತಳದಲ್ಲಿ ಒಂದು ಬೆರಳಷ್ಟು ನೀರು, ಅದರಡಿ ನುಣ್ಣನೆ ಕೆಂಪು ಮಣ್ಣು. ಟ್ಯಾಂಕ್ ಇಳಿಸಿ ತೊಳೆದೆ.

ಏರ್ ತೆಗೆಯಲು ಒಂದು ಗಂಟೆ ಹಿಡಿಯಿತು, ತಮ್ಮ ಸೆಲ್ಫ್ ಹೊಡೆದ. ನಿನ್ನೆ ಬೆಲ್ಲ ತುಂಬಿಕೊಂಡು ಮೇಲುಕೋಟೆ ಏರು ಹತ್ತಿಸಿದೆ. ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದೆ, ರಸ್ತೆ ಕಾಣುತ್ತಿತ್ತು. ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಪಕ್ಕದೂರಿನವರದು, ನಾಳೆ ವಾಪಸ್ ಕೊಡಬೇಕು. ಕೊಡುವ ಮೊದಲು ಇನ್ನೊಂದು ಸಲ ಬಿಗಿ ನೋಡಿಬಿಡಲಾ?

ಮೈಸೂರು, ಬನ್ನಿಮಂಟಪದಿಂದ:

ಇಂಜಿನ್ ತಣ್ಣಗಾದ ಮೇಲೆ ನೋಡಿ. ಇಂಜೆಕ್ಟರ್ ಸುತ್ತ ಕಪ್ಪಗೆ ಏನೂ ಕಾಣದಿದ್ದರೆ ಜಾಸ್ತಿ ತಿರುಗಿಸಲು ಹೋಗಬೇಡಿ.