ಚಿಕ್ಕಪ್ಪನ ಫಾರ್ವರ್ಡ್ ಮತ್ತು ಒಂದು ಸ್ಲೇಟು

ಚಿಕ್ಕಪ್ಪ (ಫಾರ್ವರ್ಡ್): ಎಚ್ಚರ! ಹೊರದೇಶಗಳಲ್ಲಿ ವಯಸ್ಸಾದವರನ್ನು ಇಂಜೆಕ್ಷನ್ ಕೊಟ್ಟು ಮುಗಿಸುವ ಕಾನೂನು ಬಂದಿದೆ. ಮಕ್ಕಳು ಒಂದು ಸಹಿ ಹಾಕಿದರೆ ಸಾಕು. ಎಲ್ಲರಿಗೂ ಕಳಿಸಿ.

ಸಣ್ಣತ್ತೆ: ಅಯ್ಯೋ, ಕಾಲ ಎಲ್ಲಿಗೆ ಬಂತು ನೋಡಿ.

ನಾನು: ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಬರೆದವರು ಯಾವ ಕಾನೂನನ್ನೂ ಓದಿಲ್ಲ. ಸಾಯಲು ಔಷಧಿ ಬೇಕು ಅಂತ ಕೇಳಬೇಕಾದವರು ರೋಗಿಯೇ, ಮಕ್ಕಳಲ್ಲ. ಅಮೆರಿಕದ ಆರೆಗಾನ್ ರಾಜ್ಯದ ಕಾನೂನು ನೋಡಿ, 1994ರಲ್ಲಿ ಜನರೇ ಮತ ಹಾಕಿ ಒಪ್ಪಿದ್ದು, 1997ರಲ್ಲಿ ಜಾರಿಗೆ ಬಂತು. ವಾಸಿಯಾಗದ ಕಾಯಿಲೆ ಇರಬೇಕು, ಆರು ತಿಂಗಳಿಗಿಂತ ಜಾಸ್ತಿ ಉಳಿಯುವುದು ಕಷ್ಟ ಅಂತ ಇಬ್ಬರು ಡಾಕ್ಟರು ಹೇಳಬೇಕು, ರೋಗಿಗೆ ತಾನೇನು ಕೇಳುತ್ತಿದ್ದೇನೆ ಅನ್ನುವ ಪ್ರಜ್ಞೆ ಇರಬೇಕು, ಬಾಯಲ್ಲಿ ಎರಡು ಸಲ ಕೇಳಿ ಸಾಕ್ಷಿಗಳ ಮುಂದೆ ಬರೆದೂ ಕೊಡಬೇಕು. ಅಲ್ಲಿ ಇಂಜೆಕ್ಷನ್ ಇಲ್ಲ. ಔಷಧಿಯನ್ನು ರೋಗಿ ತಾನೇ ತೆಗೆದುಕೊಳ್ಳಬೇಕು. ಇಂಜೆಕ್ಷನ್ ಇರುವುದು ಕೆನಡಾ, ನೆದರ್ಲೆಂಡ್ಸ್ ಕಡೆ, ಅಲ್ಲೂ ಮಕ್ಕಳ ಸಹಿಯಿಂದ ಏನೂ ಆಗುವುದಿಲ್ಲ.

ಚಿಕ್ಕಪ್ಪ: ಕಾಗದದ ಮೇಲೆ ಎಲ್ಲಾ ಚೆನ್ನಾಗಿಯೇ ಇರುತ್ತದೆ ಮಗಾ. "ಅಪ್ಪಾ, ಖರ್ಚು ಜಾಸ್ತಿ ಆಗುತ್ತಿದೆ" ಅಂತ ಮಗ ದಿನಾ ಗೊಣಗಿದರೆ ಆ ಮುದುಕ ತಾನಾಗಿಯೇ ಹೋಗಿ ಸಾಯುತ್ತೇನೆ ಅನ್ನುತ್ತಾನೆ. ಆಗ ನಿನ್ನ ಇಬ್ಬರು ಡಾಕ್ಟರು ಏನು ಮಾಡುತ್ತಾರೆ?

ನಾನು: ಈ ಭಯ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಆ ಗೊಣಗಾಟ ಈಗಲೂ ಇದೆ ಅಲ್ವಾ? ಈಗ ಆ ಮುದುಕ ಏನು ಮಾಡುತ್ತಾನೆ? ಮಾತ್ರೆ ನುಂಗುವುದು ಬಿಡುತ್ತಾನೆ, ಡಯಾಲಿಸಿಸ್ ಬೇಡ ಅನ್ನುತ್ತಾನೆ, ಊಟ ಸೇರಲ್ಲ ಅಂತ ತಟ್ಟೆ ಸರಿಸುತ್ತಾನೆ. ಯಾಕಪ್ಪಾ ಅಂತ ಒಬ್ಬರೂ ಕೇಳುವುದಿಲ್ಲ. ಕಾನೂನು ಇದ್ದರೆ ಕನಿಷ್ಠ ಇಬ್ಬರು ಹೊರಗಿನವರು ಅವನ ಪಕ್ಕ ಕೂತು ಯಾಕೆ ಅಂತ ಕೇಳಲೇಬೇಕು, ಕೇಳಿದ್ದನ್ನು ಬರೆದಿಡಬೇಕು. ಒತ್ತಡ ಇದ್ದರೆ ಗೊತ್ತಾಗುವ ಜಾಗ ಅದೊಂದೇ.

ಡಾಕ್ಟರ್ ಅಣ್ಣ: ನಾನು ಇಂಥ ರೋಗಿಗಳನ್ನು ದಿನಾ ನೋಡುತ್ತೇನೆ, ಅದಕ್ಕೆ ಎರಡು ಮಾತು. ನೋವು ಸರಿಯಾಗಿ ಕಡಿಮೆ ಮಾಡಿದರೆ ಸಾಯಿಸಿ ಅನ್ನುತ್ತಿದ್ದವರಲ್ಲಿ ತುಂಬಾ ಜನ ಆ ಮಾತು ಬಿಡುತ್ತಾರೆ. ಮಾರ್ಫಿನ್ ಕೂಡ ಸಿಗದವರು ಎಷ್ಟೋ ಮಂದಿ ಇರುವಾಗ ಮೊದಲು ಅದನ್ನು ಕೊಡೋಣ. ಇನ್ನೊಂದು, ಆರು ತಿಂಗಳು ಅನ್ನುವುದು ಅಂದಾಜು. ನನ್ನ ಅಂದಾಜು ತಪ್ಪಿದ್ದೂ ಇದೆ, ಒಬ್ಬರು ಎರಡು ವರ್ಷ ಆದ ಮೇಲೆ ನಡೆದುಕೊಂಡು ಬಂದು ನಕ್ಕರು.

ನಾನು: ಮಾರ್ಫಿನ್ ಮಾತು ಪೂರ್ತಿ ಒಪ್ಪಿದೆ ಅಣ್ಣಾ. ಆದರೆ ಅದು ಬೇಕಾ ಇದು ಬೇಕಾ ಅನ್ನುವ ಪ್ರಶ್ನೆ ಯಾಕೆ? ಆರೆಗಾನ್‌ನಲ್ಲಿ ಈ ದಾರಿ ಹಿಡಿದವರಲ್ಲಿ ಹೆಚ್ಚಿನವರು ಅದಾಗಲೇ ಕೊನೆಗಾಲದ ಆರೈಕೆಯಲ್ಲಿ ಇದ್ದವರೇ. ಅವರು ಜಾಸ್ತಿ ಹೇಳುವ ಕಾರಣ ನೋವಲ್ಲ, ನನ್ನ ಬದುಕು ನನ್ನ ಕೈಯಲ್ಲಿ ಉಳಿದಿಲ್ಲ ಅನ್ನುವುದು. ಅದಕ್ಕೆ ಯಾವ ಮಾತ್ರೆ ಇದೆ ಹೇಳು. ಇನ್ನು ಅಂದಾಜು ತಪ್ಪುವ ವಿಷಯ, ಬರೆಸಿಕೊಂಡ ಮಾತ್ರಕ್ಕೆ ತೆಗೆದುಕೊಳ್ಳಲೇಬೇಕು ಅಂತಿಲ್ಲ. ಅಲ್ಲಿ ಔಷಧಿ ಬರೆಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಅದನ್ನು ತೆಗೆದುಕೊಳ್ಳುವುದೇ ಇಲ್ಲ.

ತಂಗಿ: ಮೂರರಲ್ಲಿ ಒಬ್ಬರಾ? ಮತ್ತೆ ಅಷ್ಟೆಲ್ಲಾ ಒದ್ದಾಡಿ ಬರೆಸಿಕೊಂಡಿದ್ದು ಯಾಕೆ?

ನಾನು: ಬಸ್ಸಿನಲ್ಲಿ ವಾಂತಿ ಬರುವವರು ಕೈಯಲ್ಲಿ ಕವರ್ ಹಿಡಿದು ಕೂರುತ್ತಾರಲ್ಲ, ಕವರ್ ಇದೆ ಅಂದರೆ ಎಷ್ಟೋ ಸಲ ವಾಂತಿಯೇ ಬರಲ್ಲ. ಹೋಲಿಕೆ ಗಲೀಜು, ಕ್ಷಮಿಸಿ. ಆದರೆ ವಿಷಯ ಅಷ್ಟೇ.

ಡಾಕ್ಟರ್ ಅಣ್ಣ: ಕೆನಡಾ ನೋಡು. 2016ರಲ್ಲಿ ಸಾವು ಹತ್ತಿರ ಇದ್ದವರಿಗೆ ಅಂತ ಶುರು ಮಾಡಿದರು, 2021ರಲ್ಲಿ ಹತ್ತಿರ ಇಲ್ಲದವರಿಗೂ ಆಯಿತು. ಬರೀ ಮಾನಸಿಕ ಕಾಯಿಲೆಗೂ ಕೊಡುತ್ತೇವೆ ಅಂತ ಹೊರಟು, ಆಮೇಲೆ 2027ಕ್ಕೆ ಮುಂದೂಡಿದರು.

ನಾನು: ಕೆನಡಾ ಹಿಡಿದ ದಾರಿ ನನಗೂ ಇಷ್ಟವಿಲ್ಲ. ಬದುಕಲು ಸಹಾಯ ಕೊಡದೆ ಸಾಯಲು ಕೊಡುತ್ತೀರಾ ಅಂತ ಅಲ್ಲಿನ ಅಂಗವಿಕಲರು ಕೇಳುತ್ತಿರುವುದು ಸರಿಯಾಗಿಯೇ ಇದೆ. ಆದರೆ ಆರೆಗಾನ್ 1997ರಿಂದ ಅದೇ ಆರು ತಿಂಗಳಲ್ಲೇ ನಿಂತಿದೆ. ಗೆರೆ ಎಲ್ಲಿ ಎಳೆಯಬೇಕು ಅಂತ ಜಗಳ ಆಡೋಣ ಬಾ, ಬೇಕಾದರೆ ರಾತ್ರಿಯಿಡೀ. ಗೆರೆಯೇ ಬೇಡ, ಎಲ್ಲರೂ ಬಾಯಿ ಮುಚ್ಚಿಕೊಂಡು ನರಳಲಿ ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಸಣ್ಣತ್ತೆ: ನಮ್ಮಲ್ಲೂ ಕೋರ್ಟು ಒಪ್ಪಿದೆ ಅಂತ ಪೇಪರಿನಲ್ಲಿ ಓದಿದ್ದೆನಲ್ಲ?

ನಾನು: ಅದು ಬೇರೆ ಅತ್ತೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ್ದು ವೆಂಟಿಲೇಟರ್ ಥರದ್ದನ್ನು ನಿಲ್ಲಿಸುವುದಕ್ಕೆ, ನನಗೆ ಅದೆಲ್ಲ ಬೇಡ ಅಂತ ಮುಂಚೆಯೇ ಬರೆದಿಡುವುದಕ್ಕೆ. 2023ರಲ್ಲಿ ಆ ನಿಯಮಗಳನ್ನು ಸ್ವಲ್ಪ ಸುಲಭ ಮಾಡಿದರು. ಸಾಯಲು ಔಷಧಿ ಕೊಡುವುದಕ್ಕೆ ಇಲ್ಲಿ ಒಪ್ಪಿಗೆ ಇಲ್ಲ. ಅಂದರೆ ಮೆಷಿನ್ ಹಾಕಿಸಿಕೊಂಡವರಿಗೆ ಬಿಡಿಸಿಕೊಳ್ಳುವ ದಾರಿ ಉಂಟು. ಮೆಷಿನ್ನೇ ಇಲ್ಲದೆ ನರಳುವವರಿಗೆ ಯಾವುದನ್ನು ನಿಲ್ಲಿಸುವುದು?

ಚಿಕ್ಕಪ್ಪ: ಕೊಟ್ಟವನು ಅವನು, ಕರೆದುಕೊಳ್ಳುವವನೂ ಅವನೇ. ನಡುವೆ ನಾವ್ಯಾರು?

ನಾನು: ಹಾಗೆ ನಂಬುವವರನ್ನು ಯಾವ ಕಾನೂನೂ ಮುಟ್ಟುವುದಿಲ್ಲ ಚಿಕ್ಕಪ್ಪ. ನೀವು ಕೇಳಬೇಡಿ, ಅಷ್ಟೇ. ಅಣ್ಣನಂಥ ಡಾಕ್ಟರು ನಾನು ಕೊಡಲ್ಲ ಅನ್ನಬಹುದು, ಅದಕ್ಕೂ ಅಲ್ಲಿ ಅವಕಾಶ ಇದೆ. ಆದರೆ ದೇವರು ಕರೆದಾಗೆಲ್ಲ ಐಸಿಯುಗೆ ಓಡಿದವರು ನಾವೇ, ಆಗ ನಡುವೆ ಬಂದಿದ್ದು ತಪ್ಪು ಅನ್ನಿಸಲಿಲ್ಲ.

ಇದನ್ನು ಗುಂಪಿನಲ್ಲಿ ಬರೆಯಬಾರದೇನೋ. ದೊಡ್ಡತ್ತೆಯ ಗಂಟಲಿಗೆ ಕೊಳವೆ ಹಾಕಿದ ಮೇಲೆ ಮಾತು ನಿಂತಿತ್ತು, ಮೊಮ್ಮಗನ ಸ್ಲೇಟು ಕೊಟ್ಟಿದ್ದೆವು. ಮೊದಲೆಲ್ಲ ನೀರು, ಫ್ಯಾನು, ದಿಂಬು ಅಂತ ಬರೆಯುತ್ತಿದ್ದರು. ಒಂದು ಮಧ್ಯಾಹ್ನ "ಸಾಕು" ಅಂತ ಬರೆದರು. ನೀರು ಸಾಕಾ ಅಂತ ನಾನು ಕೇಳಿದೆ. ಅವರು ತಲೆ ಅಲ್ಲಾಡಿಸಿ, ಅದೇ ಅಕ್ಷರದ ಕೆಳಗೆ ಬಳಪದಿಂದ ಎರಡು ಗೆರೆ ಎಳೆದರು. ಬಳಪ ಮುರಿಯಿತು. ಆಮೇಲೆ 11 ದಿನ ಇದ್ದರು, ಸ್ಲೇಟು ಮುಟ್ಟಲಿಲ್ಲ. ಆ ಹನ್ನೊಂದು ದಿನ ಯಾರಿಗೆ ಬೇಕಿತ್ತು? ನಮಗೆ. ಅವರಿಗೆ ಬೇಡವಾಗಿತ್ತು, ಬರೆದು ತೋರಿಸಿದ್ದರು ಕೂಡ.

ಸಣ್ಣತ್ತೆ: ಅಕ್ಕ ಹಾಗೆ ಬರೆದಿದ್ದಳಾ? ನನಗೆ ಯಾರೂ ಹೇಳಲೇ ಇಲ್ಲ.

ತಂಗಿ: ನನಗೂ ಗೊತ್ತಿರಲಿಲ್ಲ.

ಡಾಕ್ಟರ್ ಅಣ್ಣ: ಆಗ ನನ್ನನ್ನು ಕರೆಯಬೇಕಿತ್ತು ನೀನು. ಅಷ್ಟು ಒದ್ದಾಡಲು ಬಿಡಬಾರದಿತ್ತು, ನಿದ್ದೆ ಬರಿಸಿಯಾದರೂ ಇಡಬಹುದಿತ್ತು.

ನಾನು: ಯಾರನ್ನು ಏನಂತ ಕೇಳಬೇಕು ಅಂತಲೇ ಗೊತ್ತಿರಲಿಲ್ಲ ಅಣ್ಣಾ. ಬಾಯಿ ಬಿಟ್ಟರೆ ಅತ್ತೆಯನ್ನು ಸಾಯಿಸಲು ಹೊರಟಿದ್ದಾನೆ ಅಂತಾರೆ ಅಂತ ಹೆದರಿಕೆ.

ಚಿಕ್ಕಪ್ಪ: ಫಾರ್ವರ್ಡ್ ತೆಗೆಯುತ್ತೇನೆ, ಸಹಿ ವಿಷಯ ಸುಳ್ಳು ಅಂತಾದರೆ ಇರಬಾರದು. ನಿನ್ನ ಕಾನೂನನ್ನು ಮಾತ್ರ ನಾನು ಒಪ್ಪಲ್ಲ.

ಚಿಕ್ಕಪ್ಪ: ಆ ಸ್ಲೇಟನ್ನು ಟವೆಲಿನಲ್ಲಿ ಒರೆಸಿ "ಹುಷಾರಾಗ್ತೀಯ" ಅಂತ ಬರೆದವನು ನಾನು. ನೀನು ಅದನ್ನು ಬಿಟ್ಟು ಬರೆದಿದ್ದೀಯ.

ನಾನು: ಹೌದು ಚಿಕ್ಕಪ್ಪ. ಸಂಜೆ ಫೋನ್ ಮಾಡಲಾ?

ಚಿಕ್ಕಪ್ಪ: ಏಳರ ಮೇಲೆ ಮಾಡು.