ವರ್ಷಗಳ ಅಗಲಿಕೆಯ ನಂತರ ಮಗಳ ಬಳಿಗೆ ಮರಳುತ್ತಿದ್ದೇನೆ: ಅನುಭವವಿದ್ದವರು ತಿಳಿಸಿ

ಕಾಗದಪತ್ರಗಳ ತೊಡಕಿನಿಂದಾಗಿ ನಾನು ಪರದೇಶದಲ್ಲಿಯೇ ಉಳಿಯಬೇಕಾಯಿತು. ತೊದಲು ಮಾತಿನ ವಯಸ್ಸಿನಲ್ಲಿ ಬಿಟ್ಟುಬಂದ ಮಗಳನ್ನು ನನ್ನ ತಾಯಿ ಸಾಕಿದ್ದಾರೆ, ಈಗ ಅವಳು ಶಾಲೆಗೆ ಹೋಗುತ್ತಿದ್ದಾಳೆ. ಕೊನೆಗೂ ಅನುಮತಿ ಸಿಕ್ಕಿದ್ದು, ಮುಂದಿನ ತಿಂಗಳು ಹೊರಡುತ್ತೇನೆ. ಮೊದಲ ದಿನಗಳಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮಂತೆಯೇ ಅನುಮತಿಗಾಗಿ ಕಾದು, ವರ್ಷಗಳ ನಂತರ ಹೆಂಡತಿ ಮಕ್ಕಳನ್ನು ಸೇರಿದವನು ನಾನು. ಮಗಳು ಓಡಿಬಂದು ತಬ್ಬಿಕೊಳ್ಳುತ್ತಾಳೆಂದು ನಿರೀಕ್ಷಿಸಬೇಡಿ. ಅವಳು ಅಜ್ಜಿಯ ಬೆನ್ನ ಹಿಂದೆ ಸರಿದು ನಿಂತರೆ ಅದನ್ನು ತಿರಸ್ಕಾರವೆಂದೂ ಭಾವಿಸಬೇಡಿ. ಹೆತ್ತವರ ಭೇಟಿಗೆ ಕಟ್ಟುನಿಟ್ಟಿನ ಮಿತಿಯಿದ್ದ ಕಾಲದಲ್ಲಿ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿದ್ದ ಪುಟ್ಟ ಮಕ್ಕಳನ್ನು ಗಮನಿಸಿದ ಸಂಶೋಧಕರಾದ ಜೇಮ್ಸ್ ರಾಬರ್ಟ್‌ಸನ್ ಮತ್ತು ಜಾನ್ ಬೌಲ್ಬಿ 1950ರ ದಶಕದ ಆರಂಭದಲ್ಲಿ ಅಗಲಿಕೆಯ ಮೂರು ಹಂತಗಳನ್ನು ವಿವರಿಸಿದರು. ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ, ಆಮೇಲೆ ಹತಾಶೆಯಿಂದ ಮೌನವಾಗುತ್ತದೆ, ಕೊನೆಗೆ ತಾಯಿ ಬಂದರೂ ಬರದಿದ್ದರೂ ಒಂದೇ ಎಂಬಂತೆ ಇದ್ದುಬಿಡುತ್ತದೆ. ಈ ಕೊನೆಯ ಹಂತವನ್ನು ಕಂಡವರು ಮಗು ಹೊಂದಿಕೊಂಡಿತೆಂದು ಸಮಾಧಾನಪಡುತ್ತಿದ್ದರು. ಆದರೆ ಅದು ನೋವನ್ನು ತಾಳಿಕೊಳ್ಳಲು ಮಗು ಕಂಡುಕೊಂಡ ದಾರಿಯಾಗಿತ್ತು. ಅಂಥ ಮಕ್ಕಳು ಮನೆಗೆ ಮರಳಿದ ಮೇಲೆ ತಾಯಿಯನ್ನು ಅಪರಿಚಿತಳಂತೆ ಕಂಡು, ಕೆಲಕಾಲ ಕಳೆದ ನಂತರ ಸಿಟ್ಟು ತೋರಿಸುವುದೂ, ಕ್ಷಣವೂ ಬಿಡದೆ ಅಂಟಿಕೊಳ್ಳುವುದೂ ಉಂಟು. ಆದ್ದರಿಂದ ನಿಮ್ಮ ಮಗಳು ಸಿಟ್ಟಾದರೆ ಎದೆಗುಂದಬೇಡಿ. ಆ ನಿರ್ಲಿಪ್ತತೆಗಿಂತ ಸಿಟ್ಟೇ ಮೇಲು ಎಂಬುದು ನನ್ನ ಅನುಭವ.

ನಮ್ಮ ಕಿರಿಯ ಮಗ ಶೂ ಲೇಸ್ ಕಟ್ಟಿಸಿಕೊಳ್ಳಲು, ಬಾಗಿಲಲ್ಲೇ ಕುಳಿತಿರುತ್ತಿದ್ದ ನನ್ನನ್ನು ದಾಟಿಕೊಂಡು ಒಳಗಿದ್ದ ಅಮ್ಮನ ಬಳಿಗೆ ಹೋಗುತ್ತಿದ್ದ. ನಾನು ಕರೆಯಲೂ ಇಲ್ಲ, ತಡೆಯಲೂ ಇಲ್ಲ. ಅವನು ಶಾಲೆಗೆ ಹೊರಡುವ ಹೊತ್ತಿಗೆ ಪ್ರತಿದಿನವೂ ಅಲ್ಲಿಯೇ ಕುಳಿತು ನನ್ನ ಶೂ ಹಾಕಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಅವನು ಏನೂ ಹೇಳದೆ ನನ್ನ ಮುಂದೆ ಕಾಲು ಚಾಚಿದ. ಉಡುಗೊರೆಗಳಿಂದ ಇಷ್ಟು ಕೆಲಸ ಆಗುತ್ತಿರಲಿಲ್ಲ.

ಉತ್ತರ 2

ತಂಗಿ, ಮಗುವನ್ನು ಸಾಕಿದವರ ಕಡೆಯಿಂದಲೂ ಒಂದು ಮಾತು ಕೇಳಿಸಿಕೊಳ್ಳಿ. ನನ್ನ ನಾದಿನಿ ಮರಳುವವರೆಗೆ ಅವಳ ಮಗನನ್ನು ಬೆಳೆಸಿದವಳು ನಾನು. ಬಂದ ವಾರವೇ ಅವನನ್ನು ಕರೆದುಕೊಂಡು ಹೊರಟಿದ್ದರೆ ಆ ಮಗು ಎರಡನೆಯ ಸಲ ತಾಯಿಯನ್ನು ಕಳೆದುಕೊಂಡಂತಾಗುತ್ತಿತ್ತು. ಅವಳು ಹಾಗೆ ಮಾಡದೆ ನಮ್ಮಲ್ಲಿಯೇ ಉಳಿದು, ಅವನು ಹೇಗೆ ಮಲಗುತ್ತಾನೆ, ಜ್ವರ ಬಂದಾಗ ಏನು ಕೇಳುತ್ತಾನೆ, ಯಾವುದಕ್ಕೆ ಹೆದರುತ್ತಾನೆ ಎಂದೆಲ್ಲ ನನ್ನಿಂದ ತಿಳಿದುಕೊಂಡಳು. ಅವನ ಎದುರಿಗೆ ಒಮ್ಮೆಯೂ ನನ್ನ ರೀತಿಯನ್ನು ತಿದ್ದಲಿಲ್ಲ. ನೀವು ಬರುವುದು ನಿಮ್ಮ ತಾಯಿಗೆ ಸಂತೋಷವೇ. ಆದರೂ ಇಷ್ಟು ದಿನ ಮಡಿಲಲ್ಲಿದ್ದ ಮಗು ದೂರವಾಗುವ ಸಂಕಟ ಅವರಿಗೂ ಇರುತ್ತದೆ, ಅದನ್ನು ಅವರು ಬಾಯಿಬಿಟ್ಟು ಹೇಳಲಾರರು. ನೀವಾಗಿಯೇ ಕೇಳಿ.

ಉತ್ತರ 3

ನಾನು ಚಿಕ್ಕವಳಿದ್ದಾಗ ಹೀಗೆಯೇ ತಂದೆಗಾಗಿ ಕಾದವಳು. ಅವರು ತಂದ ಅಂಗಿ, ಅವರು ಬಿಟ್ಟುಹೋದಾಗಿನ ನನ್ನ ಅಳತೆಯದಾಗಿತ್ತು. ಹೊರಡುವ ಮೊದಲು ಅವಳ ಅಳತೆ, ಗೆಳತಿಯರ ಹೆಸರು, ಈಗಿನ ಇಷ್ಟಾನಿಷ್ಟಗಳನ್ನು ಫೋನಿನಲ್ಲಿ ಅವಳಿಂದಲೇ ಕೇಳಿ ತಿಳಿದುಕೊಳ್ಳಿ.

ಯಾಕೆ ಬಿಟ್ಟುಹೋದೆ ಎಂದು ಅವಳು ಇಂದಲ್ಲ ನಾಳೆ ಕೇಳಿಯೇ ಕೇಳುತ್ತಾಳೆ. ನಾನು ಏನೋ ತಪ್ಪು ಮಾಡಿದ್ದರಿಂದ ಅಪ್ಪ ಹೋದರು ಎಂದು ಬಹುಕಾಲ ನಂಬಿದ್ದೆ. ಹಾಗಾಗಿ, ಬರಲು ಬಿಡಲಿಲ್ಲ, ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ ಎಂಬಷ್ಟನ್ನು ಅವಳಿಗೆ ಅರ್ಥವಾಗುವ ಮಾತಿನಲ್ಲಿ, ಕೇಳಿದಾಗಲೆಲ್ಲ ಬೇಸರಿಸದೆ ಹೇಳಿ. ತಿಂಗಳುಗಳು ಕಳೆದರೂ ಊಟ, ನಿದ್ದೆ ಹದಕ್ಕೆ ಬಾರದಿದ್ದರೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಲು ಸಂಕೋಚ ಬೇಡ. ಮತ್ತೆ ಹೋಗುತ್ತೀಯಾ ಎಂದು ಕೇಳಿದರೆ, ನಿಮ್ಮ ಕೈಯಲ್ಲಿಲ್ಲದ ಮಾತನ್ನು ಕೊಡಬೇಡಿ. ಅದರ ಬದಲು ಅಂಗಡಿಗೆ ಹೊರಟರೂ ಎಷ್ಟು ಹೊತ್ತಿಗೆ ಬರುತ್ತೀರೆಂದು ಅವಳಿಗೆ ತಿಳಿಸಿ, ಆ ಹೊತ್ತಿಗೆ ಸರಿಯಾಗಿ ಬಂದುಬಿಡಿ.