ಬೆಲ್ಲದ ಕಾರ್ಬನ್ ಡಾಟ್ ನೀರಿನ ಮೇಲ್ಮೈ ಎಳೆತ ಇಳಿಸುತ್ತಾ?

ಮಂಡ್ಯ_ಕಬ್ಬು:
ಕಾರ್ಬನ್ ಡಾಟ್ (ಕೆಲವೇ ನ್ಯಾನೋಮೀಟರ್ ಅಗಲದ, ಹೊಳೆಯುವ ಇಂಗಾಲದ ಕಣ) ಮಾಡಿದ್ದು ಹೀಗೆ: ಆಲೆಮನೆ ಬೆಲ್ಲದ ಶೇ 2ರ ದ್ರಾವಣ 25 ಮಿಲಿ, 50 ಮಿಲಿಯ ಟೆಫ್ಲಾನ್ ಆಟೋಕ್ಲೇವ್ (ಬಿಗಿಯಾಗಿ ಮುಚ್ಚುವ ಒತ್ತಡ ಪಾತ್ರೆ), 180 ಡಿಗ್ರಿ, 6 ಗಂಟೆ. ಆಮೇಲೆ 0.22 ಮೈಕ್ರಾನ್ ಫಿಲ್ಟರ್, 1 ಕಿಲೋಡಾಲ್ಟನ್ ಚೀಲದಲ್ಲಿ (ಅದಕ್ಕಿಂತ ಸಣ್ಣ ಅಣುಗಳನ್ನು ಹೊರಬಿಡುವ ಪೊರೆ) ಒಂದು ದಿನ ಡಯಾಲಿಸಿಸ್. ತೂಗುವ ಹನಿಯ ಆಕಾರದಿಂದ ಎಳೆತ ಅಳೆಯುವ ಪೆಂಡೆಂಟ್ ಡ್ರಾಪ್‌ನಲ್ಲಿ ಶುದ್ಧ ನೀರಿನಂತೆ 72 ಇರಬೇಕಾದದ್ದು 61 ಮಿಲಿನ್ಯೂಟನ್/ಮೀಟರ್ ಬರುತ್ತಿದೆ, 20 ನಿಮಿಷವಾದರೂ ಇಳೀತಾನೇ ಇದೆ. ಇದು ಕಣಗಳ ಕೆಲಸವೇನಾ? ನೀರಲ್ಲಿ ಇಷ್ಟು ಚೆನ್ನಾಗಿ ಕರಗೋದು ಮೇಲ್ಮೈಗೆ ಯಾಕೆ ಬರುತ್ತೆ?

ಹನಿಲೆಕ್ಕ, ಮೈಸೂರು:
ಮೊದಲು ಬೆಲ್ಲವನ್ನೇ ಅನುಮಾನಿಸಿ. ಕೊಪ್ಪರಿಗೆ ಉಕ್ಕದಿರಲಿ ಅಂತ ಹರಳೆಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಬಿಡುತ್ತಾರೆ, ಕೊಳೆ ಎತ್ತಲು ಬೆಂಡೆ ಲೋಳೆ ಹಾಕೋದೂ ಉಂಟು. ಆ ಬಿಸಿಯಲ್ಲಿ ಎಣ್ಣೆ ಒಡೆದು ಫ್ಯಾಟಿ ಆಸಿಡ್ ಬಿಡುತ್ತೆ. ಚೂರೇ ಚೂರು ಇದ್ದರೂ ಸಾಕು, ನಿಮ್ಮ ರೀಡಿಂಗ್ ಅದರದ್ದೇ.

ದ್ರಾವಣದ ಪಿಎಚ್ 3ಕ್ಕೆ ತಂದು, ಸಮ ಪ್ರಮಾಣದ ಹೆಕ್ಸೇನ್ ಜೊತೆ ಮೂರು ಸಲ ಕುಲುಕಿ ಮೇಲಿನ ಪದರ ಚೆಲ್ಲಿ. ಉಳಿದ ಹೆಕ್ಸೇನನ್ನು ನೈಟ್ರೋಜನ್ ಊದಿ ಓಡಿಸಿ, ಇಲ್ಲದಿದ್ದರೆ ಅದೂ ಎಳೆತ ಇಳಿಸುತ್ತೆ. ಜೊತೆಗೆ ಬರೀ ಮಿಲಿ-ಕ್ಯೂ (ಅತಿ ಶುದ್ಧ) ನೀರನ್ನು ಅದೇ ಆಟೋಕ್ಲೇವ್, ಅದೇ ಫಿಲ್ಟರ್, ಅದೇ ಚೀಲದಲ್ಲಿ ಹಾಯಿಸಿ. ಆ ನೀರಿನ ಎಳೆತವೇ 71.5 ದಾಟದಿದ್ದರೆ ಕಳ್ಳ ಸಾಮಾನಿನಲ್ಲಿದ್ದಾನೆ. ಸಿರಿಂಜ್ ಗಾಜಿನದೇ ಇರಲಿ. ರಬ್ಬರ್ ಪ್ಲಂಜರ್‌ಗೆ ಸಿಲಿಕೋನ್ ಎಣ್ಣೆ ಸವರಿರುತ್ತೆ. ಫಿಲ್ಟರಿನ ಮೊದಲ ಒಂದೆರಡು ಮಿಲಿ ಚೆಲ್ಲಿಬಿಡಿ. ಬಿಳಿ ಸಕ್ಕರೆಯಿಂದಲೂ ಇದೇ ಅಡುಗೆ ಮಾಡಿ ಹೋಲಿಸಿ.

ಗಂಗೋತ್ರಿ_ಕೊಲಾಯ್ಡ್:
ಎರಡನೇ ಪ್ರಶ್ನೆಗೆ ಲೆಕ್ಕ ಇಲ್ಲಿದೆ. ಕಣವನ್ನು ಮೇಲ್ಮೈಯಿಂದ ಕೀಳಲು ಬೇಕಾದ ಶಕ್ತಿ πr²γ(1−cosθ)². ಇಲ್ಲಿ r ತ್ರಿಜ್ಯ, γ ಮೇಲ್ಮೈ ಎಳೆತ, θ ಸಂಪರ್ಕ ಕೋನ (ಕಡಿಮೆಯಾದಷ್ಟೂ ಕಣ ನೀರನ್ನೇ ಇಷ್ಟಪಡುತ್ತೆ). ತ್ರಿಜ್ಯ 1.5 ನ್ಯಾನೋಮೀಟರ್, ಸಂಪರ್ಕ ಕೋನ 90 ಡಿಗ್ರಿ ಆದರೆ ಸುಮಾರು 124 ಕೆಟಿ (ಕೆಟಿ ಅಂದರೆ ಬಿಸಿಯಿಂದ ಅಣುಗಳು ಅಲುಗಾಡುವ ಶಕ್ತಿಯ ಅಳತೆ). ಕಣ ಬಿಟ್ಟು ಹೋಗಲ್ಲ. ಕೋನ 30 ಆದರೆ ಬರೀ 2.2 ಕೆಟಿ, ಅಂದರೆ ಬಂದಷ್ಟೇ ಬೇಗ ವಾಪಸ್. ಕಾರ್ಬಾಕ್ಸಿಲ್ (ನೀರಿಗೆ ಒಲಿಯುವ ಆಮ್ಲ ಗುಂಪು) ತುಂಬಿದ ಡಾಟ್ ತಟಸ್ಥ ಪಿಎಚ್‌ನಲ್ಲಿ ಈ ಎರಡನೇ ಜಾತಿ. ಹುಳಿ ಹೆಚ್ಚಿಸಿ ಪಿಎಚ್ 3ರ ಕೆಳಗೆ ಒಯ್ದರೆ ಚಾರ್ಜ್ ಇಳಿದು ಮೇಲ್ಮೈಗೆ ಒಲವು ಬರುತ್ತೆ. ಗ್ರಾಫೀನ್ ಆಕ್ಸೈಡ್‌ನಲ್ಲೂ ಇದೇ ಕಾಣುತ್ತೆ. ಹಾಗಾಗಿ ಪಿಎಚ್ 3, 5, 7, 9ರಲ್ಲಿ ಅಳೆಯಿರಿ, ಉಪ್ಪಿನ ಸಾಂದ್ರತೆ ಒಂದೇ ಇರಲಿ. ಆದರೆ ಫ್ಯಾಟಿ ಆಸಿಡ್ ಕೂಡ ಪಿಎಚ್‌ಗೆ ಕುಣಿಯುತ್ತೆ, ಅದಕ್ಕೇ ಹೆಕ್ಸೇನ್ ಮೊದಲು.

ಮಂಡ್ಯ_ಕಬ್ಬು:
ಡಯಾಲಿಸಿಸ್ ಹೊರನೀರೂ ನೀಲಿ ಹೊಳೀತಿದೆ ಸರ್.

ಹನಿಲೆಕ್ಕ, ಮೈಸೂರು:
ಹೊಳೆಯೋ ಸಣ್ಣ ಅಣುಗಳು ಇನ್ನೂ ಹೊರಬರುತ್ತಿವೆ ಅಂತ ಅರ್ಥ. ಪಾತ್ರೆ ದೊಡ್ಡದಿರಲಿ, ಹೊರನೀರು ಹೊಳಪು ಬಿಡುವವರೆಗೆ 6 ಗಂಟೆಗೊಮ್ಮೆ ಬದಲಾಯಿಸಿ. ಇನ್ನೊಂದು: 20 ನಿಮಿಷದಲ್ಲಿ ಹನಿ ಆರಿ ಚಿಕ್ಕದಾಗುತ್ತೆ, ಮೇಲ್ಮೈ ಕುಗ್ಗಿ ಅಲ್ಲಿರುವುದು ಒತ್ತೊತ್ತಾಗಿ ಎಳೆತ ಇಳಿದಂತೆ ತೋರುತ್ತೆ. ತಳದಲ್ಲಿ ನೀರಿರುವ, ಮುಚ್ಚಿದ ಪುಟ್ಟ ಪಾರದರ್ಶಕ ಪಾತ್ರೆ, ಅಂದರೆ ಕ್ಯುವೆಟ್‌ನೊಳಗೆ ಹನಿ ಬಿಟ್ಟು ಗಾತ್ರದ ಗ್ರಾಫ್ ನೋಡಿ. ಕೊನೆಗೆ ಹನಿಯನ್ನು ಮೆಲ್ಲಗೆ ಒಳಗೆ ಎಳೆಯಿರಿ: ಕತ್ತಿನಲ್ಲಿ ಸುಕ್ಕು ಬಿದ್ದರೆ ಬಿಟ್ಟು ಹೋಗದ ಪೊರೆ ಕಟ್ಟಿದೆ.